ಜರ್ಮನಿ ಕಾರಿಗೆ ಬಂದ ಹೆಸರು

ನಮ್ಮವರು ಆ ಕಾರನ್ನು ಊರಿಗೆ ತಂದ ಸಂಜೆ ನಾನು ಶಾಲೆಯಿಂದ ಬಂದು ಕಾಲು ತೊಳೆಯುತ್ತಿದ್ದೆ. ಓಣಿಯಲ್ಲಿ ಗದ್ದಲ ಕೇಳಿ ಹೊರಗೆ ಬಂದರೆ ಕೆನೆ ಬಣ್ಣದ, ಗುಂಡಗಿನ ಬೆನ್ನಿನ ದೊಡ್ಡ ಕಾರೊಂದು ಎರಡು ಮನೆಗಳ ಕಟ್ಟೆಯ ನಡುವೆ ಸಿಕ್ಕಿಕೊಂಡು ನಿಂತಿತ್ತು. ಚನ್ನಗಿರಿಯ ಕೋಟೆ ಗುಡ್ಡದ ಕೆಳಗಿನ ನಮ್ಮ ಓಣಿಯಲ್ಲಿ ಎದುರಿನಿಂದ ಎಮ್ಮೆ ಬಂದರೆ ಮನುಷ್ಯರು ಕಟ್ಟೆ ಹತ್ತಬೇಕಿತ್ತು. ಅಂಥ ಕಡೆ ಅದನ್ನು ಯಾಕೆ ನುಗ್ಗಿಸಿದರೋ. ಮನೆ ಬಾಗಿಲಿಗೆ ತಂದು ತೋರಿಸುವ ಆಸೆ ಅಷ್ಟೇ ಇರಬೇಕು. ದಂತದ ಬಣ್ಣದ ಸ್ಟೇರಿಂಗ್ ಹಿಡಿದು ಒಳಗೆ ಕೂತು ಬೆವರುತ್ತ ನಗುತ್ತಿದ್ದರು. ನಮ್ಮ ಅತ್ತೆ ಬಾಗಿಲಲ್ಲಿ ನಿಂತು ನೋಡಿ, "ಜಾಗ ಎಲ್ಲೈತಪ್ಪ ಇದಕ್ಕೆ? ನಿನ್ನ ಹಾಸಿಗೆ ಸುತ್ತಿಟ್ಟು ನಡುಮನ್ಯಾಗೆ ನಿಲ್ಸು," ಅಂದರು.

ಎಪ್ಪತ್ತರ ದಶಕದ ನಡುವಿನ ಮಾತು. ನಮ್ಮದು ತಡವಾಗಿ ಆದ ಮದುವೆ. ನಾನು ಅಲ್ಲಿನ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ನಮ್ಮವರು ಮೀಸೆ ಮೂಡಿದಾಗಿನಿಂದ ದಾವಣಗೆರೆಯಲ್ಲಿ ಒಬ್ಬ ಗಿರಣಿ ಮಾಲೀಕರ ಕಾರಿನ ಡ್ರೈವರ್. ಮಾಲೀಕರು ತೀರಿಕೊಂಡ ಮೇಲೆ ಅವರ ಮಕ್ಕಳಿಗೆ ಈ ಹಳೆಯ ಪರದೇಶದ ಕಾರು ಬೇಡವಾಯಿತು. ಹೊರಗಿನಿಂದ ಕಾರು ತರಿಸುವುದನ್ನು ಸರ್ಕಾರ ನಿಲ್ಲಿಸಿತ್ತು, ಬಿಡಿ ಸಾಮಾನು ಸಿಗುತ್ತಿರಲಿಲ್ಲ. ಮಾಲೀಕರ ಹೆಂಡತಿ ಒಂದು ದಿನ ಇವರನ್ನು ಕರೆದು, "ನೀನು ಬಿಟ್ರೆ ಇದನ್ನ ಯಾರೂ ಸಾಕಲ್ಲ. ಗುಜರಿಯವನಿಗೆ ಕೊಡೋ ಬದ್ಲು ನೀನೇ ತಗೊಂಡು ಹೋಗು," ಅಂದರಂತೆ. ಕೆಲಸ ಹೋಯಿತು, ಕಾರು ಬಂತು. ನಮ್ಮವರಿಗೆ ಬಂದದ್ದು ಮಾತ್ರ ಕಾಣುತ್ತಿತ್ತು.

ಅದು ಜರ್ಮನಿಯ ಕಾರು. ಇಡೀ ಲೋಕದಲ್ಲಿ ರಾಜರು, ಮಂತ್ರಿಗಳು, ಸಾಹುಕಾರರು ಏರುವ ಕಾರು ಅಂತ ಅದಕ್ಕೆ ಹೆಸರು. ಮೂತಿಯ ಮೇಲೆ ಮೂರು ಮೂಲೆಯ ಬೆಳ್ಳಿ ಬಣ್ಣದ ನಕ್ಷತ್ರ. ಆದರೆ ಚನ್ನಗಿರಿಯವರಿಗೆ ಆ ನಕ್ಷತ್ರ ಬೇರೆಯೇ ಆಗಿತ್ತು. ಅಡಿಕೆ ಮಂಡಿಯ ಮುಂದೆ ನಿಲ್ಲುವ ಹಳೆಯ ಲಾರಿಗಳ ಮೂತಿಯ ಮೇಲೂ ಅದೇ ಗುರುತು. ಮೊದಲ ದಿನವೇ ಒಬ್ಬ ಲಾರಿಯವನು ಬಗ್ಗಿ ನೋಡಿ, "ಏನ್ರಿ, ಲಾರಿ ಗುರ್ತು ಕಿತ್ತು ಕಾರಿಗೆ ಹಾಕ್ಸೀರಿ?" ಅಂದ. ನಮ್ಮವರ ಮುಖ ಸಣ್ಣದಾಯಿತು. "ಕಾರಿನ ಗುರ್ತನ್ನ ಲಾರಿಗೆ ಹಾಕ್ಯಾರೆ. ಲಾರಿದನ್ನ ಕಾರಿಗಲ್ಲ," ಅಂದರು. ಲಾರಿಯವನು ಒಪ್ಪಲಿಲ್ಲ. ಎಂಜಿನ್ ಸದ್ದೂ ಹಾಗೇ ಇತ್ತು; ಡೀಸೆಲ್ ಕಾರು, ನಿಂತಲ್ಲೇ ಟಕಟಕ ಅನ್ನುತ್ತಿತ್ತು. ಒಂದಷ್ಟು ದಿನ ಊರಲ್ಲಿ ಅದು "ಲಾರಿ ಕಾರು" ಆಗಿತ್ತು.

ಈ ಅವಮಾನ ತೊಳೆಯಲಿಕ್ಕೋ ಏನೋ, ಅವರು ಆ ಕಂಪನಿಯ ಚರಿತ್ರೆ ಹೇಳಲು ಶುರುಮಾಡಿದರು. ಕಾರು ಹೊಸದಾಗಿ ಬಂದಾಗ ಅದರ ಆರೈಕೆ ಕಲಿಯಲೆಂದು ಮಾಲೀಕರು ಇವರನ್ನು ಮುಂಬಯಿಗೆ ಕಳಿಸಿದ್ದರು. ಅಲ್ಲಿ ಕಲಿಸುವವರು ಬೆಳಿಗ್ಗೆ ಎಂಜಿನ್ ಬಿಚ್ಚಿಸಿ ಜೋಡಿಸಿ, ಊಟವಾದ ಮೇಲೆ ಹಿಂದಿಯಲ್ಲಿ ಕಥೆ ಹೇಳುತ್ತಿದ್ದರಂತೆ. ಅದನ್ನೇ ಇವರು ಟೀ ಅಂಗಡಿಯಲ್ಲಿ, ಸೂಳೆಕೆರೆ ಏರಿಯ ಮೇಲೆ, ಸಂತೇಬೆನ್ನೂರಿನ ಹೊಂಡದ ಕಟ್ಟೆಯಲ್ಲಿ, ಯಾರು ಸಿಕ್ಕಿದರೆ ಅವರಿಗೆ ಹೇಳುತ್ತಿದ್ದರು. ನನಗಂತೂ ನಮ್ಮ ಶಾಲೆಯ ಮಗ್ಗಿಗಿಂತ ಚೆನ್ನಾಗಿ ಬಾಯಿಪಾಠವಾಗಿತ್ತು.

ಜರ್ಮನಿಯಲ್ಲಿ ಒಬ್ಬ ಕುದುರೆ ಇಲ್ಲದೆ ಓಡುವ ಮೂರು ಗಾಲಿಯ ಬಂಡಿ ಮಾಡಿದನಂತೆ. ಯಾರೂ ಕೊಳ್ಳಲಿಲ್ಲ. ಮಾಡಿದವನಿಗೇ ಅದನ್ನು ದೂರ ಒಯ್ಯಲು ಧೈರ್ಯವಿರಲಿಲ್ಲ. ಒಂದು ಬೆಳಿಗ್ಗೆ ಅವನಿನ್ನೂ ಮಲಗಿದ್ದಾಗ ಅವನ ಹೆಂಡತಿ ಇಬ್ಬರು ಗಂಡುಮಕ್ಕಳನ್ನು ಹತ್ತಿಸಿಕೊಂಡು, ಗಂಡನಿಗೆ ಹೇಳದೆ ಬಂಡಿ ಹೊರಡಿಸಿ ತವರೂರಿಗೆ ಹೋದಳಂತೆ. ದಾರಿಯಲ್ಲಿ ಎಣ್ಣೆ ಕೊಳವೆ ಕಟ್ಟಿತು. ಟೊಪ್ಪಿಗೆಯ ಪಿನ್ನಿನಿಂದ ಚುಚ್ಚಿ ಬಿಡಿಸಿದಳು. ತಂತಿ ಸವೆಯಿತು, ಕಾಲುಚೀಲದ ಪಟ್ಟಿ ಸುತ್ತಿದಳು. ಬ್ರೇಕಿನ ಮರ ತೇದುಹೋಯಿತು. ಚಮ್ಮಾರನ ಹತ್ತಿರ ಚರ್ಮ ಹೊಡೆಸಿದಳು. ಎಣ್ಣೆ ಮುಗಿದಾಗ ಔಷಧಿ ಅಂಗಡಿಯಲ್ಲಿ ಕಲೆ ತೆಗೆಯುವ ಎಣ್ಣೆ ಕೊಂಡು ಸುರಿದಳು. ಹೊತ್ತು ಮುಳುಗುವಾಗ ತವರು ಮುಟ್ಟಿ ಗಂಡನಿಗೆ ತಂತಿ ಸುದ್ದಿ ಕಳಿಸಿದಳು. ಆಮೇಲೇ ಲೋಕ ಆ ಬಂಡಿಯನ್ನು ನಂಬಿದ್ದು. ಮುಂದೆ ಆ ಕಂಪನಿ ಇನ್ನೊಂದರ ಜೊತೆ ಕೂಡಿಕೊಂಡಿತು. ಕಾರಿಗಿಟ್ಟದ್ದು ಒಬ್ಬ ವ್ಯಾಪಾರಿಯ ಮಗಳ ಹೆಸರು. ನಕ್ಷತ್ರದ ಮೂರು ಮೂಲೆ ಅಂದರೆ ನೆಲ, ನೀರು, ಆಕಾಶ. ಯುದ್ಧದಲ್ಲಿ ಕಾರ್ಖಾನೆ ನೆಲಸಮವಾಯಿತು, ಮತ್ತೆ ಕಟ್ಟಿದರು.

ಒಂದು ಸಲ ನಮ್ಮ ಶಾಲೆಯ ಹೆಡ್‌ಮೇಷ್ಟ್ರು ಇದನ್ನೆಲ್ಲ ಕೇಳಿಸಿಕೊಂಡು, "ಯುದ್ಧ ಮಾಡಿಸಿದವರೂ ಇದೇ ಕಂಪನಿ ಕಾರಿನಾಗೇ ಮೆರೆದದ್ದು, ಅದನ್ನೂ ಹೇಳ್ರಿ," ಅಂದರು. ನಮ್ಮವರು, "ಕಾರಿಗೇನು ಗೊತ್ತು ಸಾರ್, ಒಳಗೆ ಯಾರು ಕೂತಾರೆ ಅಂತ," ಅಂದರು.

ನನಗೆ ಆ ಕಥೆಯಲ್ಲಿ ಹಿಡಿಸಿದ್ದು ತವರಿಗೆ ಹೋದ ಹೆಂಗಸು ಒಬ್ಬಳೇ. ನನ್ನ ತವರು ಹೊನ್ನಾಳಿ. ಮನೆ ಮುಂದೆ ಲೋಕಪ್ರಸಿದ್ಧ ಕಾರಿದ್ದೂ ನಾನು ಪ್ರತಿ ಸಲ ಬಸ್ಸಿನಲ್ಲೇ ಹೋಗುತ್ತಿದ್ದೆ, ಹಲವು ಸಲ ನಿಂತುಕೊಂಡು. ಕಾರು ಎಂದೂ ಖಾಲಿ ಇರುತ್ತಿರಲಿಲ್ಲ. ಯಾಕೆಂದರೆ ಅಷ್ಟರಲ್ಲಿ ಅದು ಮದುವೆ ಕಾರು ಆಗಿಬಿಟ್ಟಿತ್ತು.

ಮೊದಲು ಅದನ್ನು ಮದುವೆಗೆ ಕರೆದವರು ಕೆರೆಬಿಳಚಿಯ ಒಬ್ಬ ಅಡಿಕೆ ತೋಟದವರು. ದಾವಣಗೆರೆಯಲ್ಲಿ ಆ ಗಿರಣಿ ಮಾಲೀಕರ ಮನೆಯ ಮದುವೆಯಲ್ಲಿ ಮದುಮಗ ಈ ಕಾರಿನಲ್ಲಿ ಬಂದದ್ದು ನೋಡಿದ್ದರಂತೆ. ತಮ್ಮ ಮಗ ಅದೇ ಕಾರಿನಲ್ಲಿ ಹೋಗಬೇಕು ಅಂದರು. ಅಷ್ಟೇ. ಮುಂದಿನ ಮಾಘದ ಹೊತ್ತಿಗೆ ನಲ್ಲೂರು, ಸಂತೇಬೆನ್ನೂರು, ಸುತ್ತಿನ ಎಲ್ಲ ಕಡೆ ಮದುಮಗನಿಗೆ "ಜರ್ಮನಿ ಕಾರು" ಬೇಕೇ ಬೇಕು. ಲಾರಿ ಕಾರು ಎಂಬ ಮಾತು ಮರೆತೇ ಹೋಯಿತು. ಲಗ್ನಪತ್ರಿಕೆ ಹೊತ್ತಿಗೇ ಗಂಡಿನ ಕಡೆಯವರು ಕಾರಿನ ಮಾತು ತೆಗೆಯುತ್ತಿದ್ದರು. ಹೆಣ್ಣಿನ ತಂದೆಯಂದಿರು ನಮ್ಮ ಮನೆಗೆ ಬಂದು ಕಟ್ಟೆಯ ಮೇಲೆ ಕೂತು, ನೀರು ಕುಡಿದು, "ಅವ್ರು ಹಟ ಹಿಡಿದಾರ್ರೀ. ಆ ದಿನ ಮಾತ್ರ ಯಾರಿಗೂ ಕೊಡಬ್ಯಾಡ್ರಿ," ಅನ್ನುವಾಗ ನನಗೆ ಅಯ್ಯೋ ಅನಿಸುತ್ತಿತ್ತು. ನಮ್ಮವರಿಗೆ ಹಾಗನಿಸುತ್ತಿರಲಿಲ್ಲ. ಕಾರಿಗೆ ಸಲ್ಲಬೇಕಾದ ಮರ್ಯಾದೆ ಸಂದಿತು ಅಂತ ಅವರ ಲೆಕ್ಕ.

ಮದುವೆ ಮುಗಿದ ಮೇಲಿನ ಕಾರನ್ನು ಯಾರೂ ನೋಡಿರುವುದಿಲ್ಲ. ನಾನು ನೋಡಿದ್ದೇನೆ. ಅಕ್ಕಿಕಾಳು ಸೀಟಿನ ಹೊಲಿಗೆಯಲ್ಲೆಲ್ಲ ಸಿಕ್ಕಿರುತ್ತಿದ್ದವು. ಚೆಂಡು ಹೂವು ಬಾಡಿ ಅಂಟಿಕೊಂಡು ಹಳದಿ ಕಲೆ ಬಿಟ್ಟಿರುತ್ತಿತ್ತು. ಮಕ್ಕಳು ಬೂಂದಿ ತಿಂದು ಕಕ್ಕಿರುತ್ತಿದ್ದರು. ಶಾಲೆ ಮುಗಿಸಿ, ಅತ್ತೆಗೆ ಕಾಫಿ ಕೊಟ್ಟು, ಸೀಗೆಪುಡಿ ಬಕೆಟ್ಟು ಹಿಡಿದು ಓಣಿಯಾಚೆ ಹುಣಸೆಮರದ ಕೆಳಗೆ ನಿಂತಿರುತ್ತಿದ್ದ ಕಾರಿಗೆ ಹೋಗುತ್ತಿದ್ದೆ. ಹಿಂದಿನ ಸೀಟು ಹರಿದಾಗ ನನ್ನ ಮದುವೆಯ ಜಮಖಾನ ಕತ್ತರಿಸಿ ಹೊಲಿದೆ. ಮಾರನೆಯ ದಿನ ಮತ್ತೆ ಯಾರದೋ ಮದುವೆ. ಆ ವರ್ಷಗಳೆಂದರೆ ಮೊದಲು ನೆನಪಾಗುವುದು ಸೊಂಟದ ನೋವು, ಮಿಕ್ಕಿದ್ದೆಲ್ಲ ಆಮೇಲೆ.

ಹೀಗೇ ಕೆಲವು ವರ್ಷ ನಡೆಯಿತು. ಎಂಬತ್ತರ ದಶಕ ಶುರುವಾದ ಮೇಲಿನ ಒಂದು ಬೇಸಿಗೆಯಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಟೀಚರೊಬ್ಬರ ತಮ್ಮನ ಮದುವೆಗೆ ಜಗಳೂರಿನ ಕಡೆಗೆ ಹೋಗಿದ್ದೆವು. ಹೆಣ್ಣು ಅಲ್ಲಿಯದು. ಶಾಲೆಗೆ ರಜೆ, ನಾನೂ ಹೋಗಿದ್ದೆ. ಮದುವೆಯಾಗಿ ಗಂಡು ಹೆಣ್ಣು ಅಲ್ಲೇ ಉಳಿದರು. ಊಟ ಮುಗಿಸಿ ನಾವಿಬ್ಬರೇ ಖಾಲಿ ಕಾರಿನಲ್ಲಿ ಹೊರಟೆವು. ಮಾರನೆಯ ದಿನ ನಲ್ಲೂರಿನಲ್ಲಿ ಇನ್ನೊಂದು ಮದುವೆಗೆ ಒಪ್ಪಿಕೊಂಡಿದ್ದರು. ಕಾರಿಗೆ ಕಟ್ಟಿದ ಹೂವು ಹಾಗೇ ಇತ್ತು.

ಜಗಳೂರು ದಾಟಿ ಸ್ವಲ್ಪ ದೂರ ಬಂದಿದ್ದೆವು. ಸುಡು ಬಿಸಿಲು. ರಸ್ತೆ ಪಕ್ಕ ಒಂದು ಎತ್ತಿನ ಗಾಡಿ ನಿಂತಿತ್ತು. ಒಂದು ಎತ್ತು ಮಲಗಿಬಿಟ್ಟಿತ್ತು, ಬಾಯಲ್ಲಿ ನೊರೆ. ಒಬ್ಬ ಹರೆಯದವನು ರಸ್ತೆಯ ನಡುವೆ ನಿಂತು ಎರಡೂ ಕೈ ಎತ್ತಿದ. ಗಾಡಿಯೊಳಗೆ ಬಸುರಿ ಹೆಂಗಸು. ಪಕ್ಕದಲ್ಲಿ ಕೂತ ಅವಳ ತಾಯಿ ಸೆರಗಿನಿಂದ ಗಾಳಿ ಬೀಸುತ್ತಿದ್ದಳು. ಮುಂಜಾನೆಯಿಂದ ನೋವು ತಿನ್ನುತ್ತಿದ್ದಾಳೆ, ಸೂಲಗಿತ್ತಿ ಕೈಲಾಗಲ್ಲ ಅಂದಳು, ಬಸ್ಸು ಬರಲಿಲ್ಲ ಅಂತ ಅವನು ಒಂದೇ ಉಸಿರಿಗೆ ಹೇಳಿದ. ನಮ್ಮವರು ನನ್ನ ಮುಖ ನೋಡಲಿಲ್ಲ, ಏನೂ ಕೇಳಲಿಲ್ಲ. ಇಳಿದು ಹಿಂದಿನ ಬಾಗಿಲು ತೆಗೆದು, "ಎತ್ಕೊಳ್ರಿ ಮೆಲ್ಲಗೆ. ತಲೆ ಈ ಕಡೆ ಬರಲಿ," ಅಂದರು. ಪ್ರತಿ ದಿನ ಆ ಸೀಟಿನ ಮೇಲೆ ಧೂಳು ಕೂತರೆ ಬಯ್ಯುವ ಮನುಷ್ಯ.

ಅವಳ ತಲೆ ನನ್ನ ತೊಡೆಯ ಮೇಲಿತ್ತು. ತಾಯಿ ಕಾಲ ಹತ್ತಿರ ಕುಕ್ಕರಿಸಿದ್ದಳು. ಗಂಡ ಮುಂದೆ ಕೂತಿದ್ದ. ಒಂದು ನೋವು ಬಂದು ಹೋದ ಮೇಲೆ ಅವಳು ಕಣ್ಣು ಬಿಟ್ಟು ಕಿಟಕಿಯ ಹೂವು ನೋಡಿದಳು.

"ಇದು ಮದುವಿ ಕಾರೇನಕ್ಕ?"

"ಹೂಂನಮ್ಮ."

"ನನ್ನ ಮದುವ್ಯಾಗೆ ಗಾಡ್ಯಾಗೇ ಕರ್ಕೊಂಡು ಬಂದ್ರು," ಅಂದು ನಕ್ಕಂತೆ ಮಾಡಿದಳು. ಮತ್ತೆ ನೋವು ಬಂತು. ಅದಾದ ಮೇಲೆ ಅವಳು ಮಾತಾಡಲಿಲ್ಲ.

ದಾವಣಗೆರೆಯ ಆಸ್ಪತ್ರೆ ಮುಟ್ಟಿದೆವು. ಅವಳನ್ನು ಒಳಗೆ ಒಯ್ದರು. ನಾವು ಹೊರಗೆ ಬೇವಿನ ಮರದ ಕೆಳಗೆ ಕೂತೆವು. ಹೊರಟುಬಿಡೋಣ ಅಂತ ನಾನೂ ಅನ್ನಲಿಲ್ಲ, ಅವರೂ ಅನ್ನಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಹೆಣ್ಣು ಮಗು ಹುಟ್ಟಿತು ಅಂತ ಸುದ್ದಿ ಬಂತು. ಅದರ ಹಿಂದೆಯೇ ತಾಯಿ ಉಳಿಯಲಿಲ್ಲ ಅಂತಲೂ ಬಂತು. ದಾರಿಯಲ್ಲೇ ರಕ್ತ ಬಹಳ ಹೋಗಿತ್ತಂತೆ. ಮಗುವನ್ನು ಆಸ್ಪತ್ರೆಯಲ್ಲೇ ಇಟ್ಟುಕೊಂಡರು, ಅಜ್ಜಿ ಅದರ ಹತ್ತಿರ ಉಳಿದಳು. ಆ ಹರೆಯದವನು ಹೊರಗೆ ಬಂದು ನಮ್ಮ ಕಾರಿನ ಬಾಗಿಲ ಮೇಲೆ ಕೈಯಿಟ್ಟು ನಿಂತ. ಹೆಣ ಒಯ್ಯಲು ಟ್ಯಾಕ್ಸಿಯವರು ಯಾರೂ ಒಪ್ಪಿರಲಿಲ್ಲ ಅಂತ ನಮಗೆ ಆಮೇಲೆ ಗೊತ್ತಾಯಿತು.

ನಮ್ಮವರು ಎದ್ದು ಅವನ ಬೆನ್ನ ಮೇಲೆ ಕೈಯಿಟ್ಟು, "ನಡಿಯಪ್ಪ, ಊರಿಗೆ ಮುಟ್ಟಿಸ್ತೀನಿ," ಅಂದರು.

ಬಂದ ದಾರಿಯಲ್ಲೇ ವಾಪಸ್ಸು ಹೋದೆವು. ಹಳ್ಳಿ ತಲುಪುವಾಗ ಇನ್ನೂ ಬೆಳಕಿತ್ತು. ಹೂ ಕಟ್ಟಿದ ಕಾರು ಬಂತೆಂದು ಮಕ್ಕಳು ಕೇಕೆ ಹಾಕುತ್ತ ಓಡಿ ಬಂದವು. ಒಳಗೆ ನೋಡಿ ನಿಂತುಬಿಟ್ಟವು. ಇಡೀ ಊರು ನೋಡಿತು.

ಮಾರನೆಯ ದಿನ ಬೆಳಿಗ್ಗೆ ನಾವು ಚನ್ನಗಿರಿಯಲ್ಲಿ ಕಾರನ್ನು ಮೂರು ನೀರಿನಲ್ಲಿ ತೊಳೆದೆವು. ಅತ್ತೆಗೆ ಎಲ್ಲ ಹೇಳಿದೆವು. ಅವರು ಮಠದ ಅಯ್ಯನವರನ್ನು ಕರೆಸಿ ಮಂತ್ರ ಹಾಕಿಸಿ, ಮೂತಿಗೆ ವಿಭೂತಿ ಬಳಿಸಿ, ಗಾಲಿ ಕೆಳಗೆ ನಿಂಬೆಹಣ್ಣು ಇಡಿಸಿದರು. ನಾನು ಇಷ್ಟಾದರೂ ಜನ ಏನಂತಾರೋ ಅಂದೆ. ಅತ್ತೆ, "ಹೆಣ ಹೊತ್ತೋನು ಸ್ನಾನ ಮಾಡಿದ್ರೆ ಶುದ್ಧ ಆಗ್ತಾನೆ. ಕಾರು ಯಾಕಾಗಬಾರ್ದು?" ಅಂದರು. ನಮ್ಮವರು ನಲ್ಲೂರಿನವರಿಗೂ ಹೋಗಿ ಇದ್ದದ್ದು ಹೇಳಿದರು. ಬೇರೆ ಕಾರು ಹುಡುಕಲು ಹೊತ್ತು ಮೀರಿತ್ತೆಂದು ಅವರು ಒಪ್ಪಿಕೊಂಡರು. ಆದರೆ ಮದುಮಗನ ಅಜ್ಜಿ ಕಾರಿನ ಹತ್ತಿರ ಬರಲಿಲ್ಲ.

ಜಗಳೂರಿನಿಂದ ಚನ್ನಗಿರಿಗೆ ಒಂದು ಮಾತು ನಡೆದುಕೊಂಡು ಬರಲು ಎಷ್ಟು ದಿನ ಬೇಕು? ಶಾಲೆ ಮತ್ತೆ ಶುರುವಾಗುವಷ್ಟರಲ್ಲಿ ಬಂದಿತ್ತು. ಯಾರ ತಮ್ಮನ ಮದುವೆಗೆ ಹೋಗಿದ್ದೆವೋ ಆ ಟೀಚರು ಬಿಡುವಿನ ಹೊತ್ತಲ್ಲಿ ನನ್ನ ಹತ್ತಿರ ಬಂದು, "ಅಲ್ರಿ, ನಮ್ಮ ತಮ್ಮನ ಮದುವಿ ಹೂವಿನ ಮ್ಯಾಲೇ ಹೆಣ ಮಲಗ್ಸಿದ್ರಂತೆ? ಒಂದು ಮಾತು ಹೇಳಬಾರ್ದಾ?" ಅಂದರು. "ಹೋಗುವಾಗ ಜೀವ ಇತ್ರೀ," ಅಂದೆ. ಅವರು ನನ್ನ ಮುಖ ನೋಡದೆ ಕ್ಲಾಸಿಗೆ ಹೋದರು. ಆ ವರ್ಷ ಪೂರ್ತಿ ಅವರು ಬೇರೆ ಬೆಂಚಿನಲ್ಲಿ ಕೂತು ಊಟ ಮಾಡಿದರು.

ಮದುವೆಗೆ ಕಾರು ಕೇಳಿಕೊಂಡು ಯಾರೂ ಬಾರದೇ ಹೋದರು. ಊರ ಬಾಯಲ್ಲಿ ಅದೀಗ "ಸಾವಿನ ಕಾರು" ಆಗಿತ್ತು, ಆದರೆ ಎದುರಿಗೆ ಯಾರೂ ಕಾರಣ ಹೇಳುತ್ತಿರಲಿಲ್ಲ. "ಈ ಸಲ ಸಣ್ಣದಾಗಿ ಮಾಡ್ತಿದೀವ್ರಿ," ಅನ್ನುತ್ತಿದ್ದರು. ಅದೇ ಮದುವೆಗೆ ಬೇರೆ ಕಾರು ಹೂ ಹೊತ್ತು ನಮ್ಮ ಮುಂದೆಯೇ ಹೋಗುತ್ತಿತ್ತು. ಕಾರಿಗೆ ಬಣ್ಣ ಬದಲಿಸಿ, ಮೂತಿಯ ನಕ್ಷತ್ರ ತೆಗೆದುಬಿಡಿ, ಗುರುತು ಸಿಗಲ್ಲ ಅಂತ ನಮ್ಮ ಕಾರು ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ ಸಾಹೇಬರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. "ಕಳ್ಳತನ ಮಾಡೀವೇನ್ರಿ, ಗುರ್ತು ಮುಚ್ಚಾಕೆ?" ಅಂತ ನಮ್ಮವರು ಎದ್ದು ಬಂದರು. ಆ ಚಳಿಗಾಲ ನನ್ನ ಒಬ್ಬಳ ಸಂಬಳದಲ್ಲೇ ಕಳೆಯಿತು.

ವಿಚಿತ್ರವೆಂದರೆ ಬಾಗಿಲು ಬಡಿಯುವುದು ನಿಲ್ಲಲಿಲ್ಲ. ಬಡಿಯುವವರು ಬೇರೆಯಾದರು. ಹೆರಿಗೆ ನೋವು, ಹಾವು ಕಚ್ಚಿದ್ದು, ಬಾವಿಗೆ ಬಿದ್ದದ್ದು. ಆ ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ, ದಾರಿಯಲ್ಲಿ ಕೈಕೊಡುವುದಿಲ್ಲ ಎಂಬ ಹೆಸರು ಇದ್ದೇ ಇತ್ತಲ್ಲ. ನಿಜವೂ ಹೌದು. ಒಂದು ಗುಂಡಿ ಎಳೆದು ಹಿಡಿದರೆ ಮುಂದಿನ ಫಲಕದಲ್ಲಿ ಸಣ್ಣ ತಂತಿಯೊಂದು ಕೆಂಪಗೆ ಕಾಯುತ್ತಿತ್ತು, ಅದು ಕಾದ ಮೇಲೆ ಎಂಜಿನ್ ಎಚ್ಚರವಾಗುತ್ತಿತ್ತು. ರೋಗಿಯ ಕಡೆಯವರೆಲ್ಲ ಉಸಿರು ಬಿಗಿ ಹಿಡಿದು ಆ ತಂತಿಯನ್ನೇ ನೋಡುತ್ತಿದ್ದರು. ಮದುವೆಗೆ ಬೇಡವೆಂದ ಮನೆಯವರೇ ಮಗಳ ಹೆರಿಗೆಗೆ ಓಡಿ ಬಂದದ್ದಿದೆ. ನಾನು ಒಮ್ಮೆ ಸಿಟ್ಟಿನಿಂದ, "ಇವರಿಗೆ ಬರಲ್ಲ ಅನ್ರಿ," ಅಂದೆ. ನಮ್ಮವರು ಆಗಲೇ ಅಂಗಿ ಹಾಕಿಕೊಳ್ಳುತ್ತಿದ್ದರು. "ಆ ಹುಡುಗಿ ಏನು ಮಾಡ್ಯಾಳೆ?" ಅಂದರು.

ಆಮೇಲೆ ನನಗೆ ನ್ಯಾಮತಿಗೆ ವರ್ಗವಾಯಿತು. ನಾನು ಬೇಕೆಂದೇ ಕೇಳಿಕೊಂಡಿದ್ದೆ. ಹೊನ್ನಾಳಿ ಹತ್ತಿರ, ಅಮ್ಮನಿಗೆ ವಯಸ್ಸಾಗಿತ್ತು. ಅಲ್ಲದೆ ಅಲ್ಲಿ ಕಾರಿನ ಕಥೆ ಯಾರಿಗೂ ಗೊತ್ತಿರಲಿಕ್ಕಿಲ್ಲ ಅಂದುಕೊಂಡೆ. ಅತ್ತೆ, ನಾವಿಬ್ಬರು, ಹಾಸಿಗೆ ಪಾತ್ರೆ ಎಲ್ಲ ಅದೇ ಕಾರಿನಲ್ಲಿ ಹೋದೆವು. ನ್ಯಾಮತಿಯಲ್ಲಿ ಬಾಡಿಗೆಗೆ ಸಿಕ್ಕ ಮನೆಯ ಮುಂದೆ ಅಗಲವಾದ ಅಂಗಳವಿತ್ತು. ಮನೆ ಮಾಲೀಕರು ಕಿರಾಣಿ ಅಂಗಡಿಯವರು, ಸಾಧು ಮನುಷ್ಯ. ಕಾರು ನೋಡಿ ಬಹಳ ಖುಷಿಪಟ್ಟರು. ಅವರ ಮಗಳ ಮದುವೆ ಗೊತ್ತಾದಾಗ, "ಗಂಡು ಬಸ್ ಸ್ಟ್ಯಾಂಡಿನಿಂದ ಮಂಟಪಕ್ಕೆ ನಿಮ್ಮ ಕಾರಿನಾಗೇ ಬರಬೇಕು," ಅಂದರು. ನಮ್ಮವರು ಹಳೆಯ ಸಂಗತಿ ಹೇಳಿಯೇ ಒಪ್ಪಿಕೊಂಡರು. ಮಾಲೀಕರು, "ಅದಕ್ಕೇನ್ರಿ, ಪುಣ್ಯದ ಕೆಲಸ ಮಾಡೀರಿ," ಅಂದರು.

ಎಷ್ಟೋ ದಿನದ ಮೇಲೆ ನಮ್ಮವರು ನಕ್ಷತ್ರಕ್ಕೆ ಬೂದಿ ಹಾಕಿ ತಿಕ್ಕಿದರು. ನಾನು ಹೊಸ ಸೀಟಿನ ಬಟ್ಟೆ ಹೊಲಿದೆ. ಮದುವೆಯ ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಹತ್ತಿರ ಆರತಿ ತಟ್ಟೆ ಹಿಡಿದ ಹೆಂಗಸರ ಜೊತೆ ನಾನೂ ನಿಂತಿದ್ದೆ. ಬಾಸಿಂಗ ಕಟ್ಟಿದ ಮದುಮಗ ಕಾರು ಹತ್ತಿದ. ಬ್ಯಾಂಡಿನವರು ಶುರುಮಾಡಿದರು. ಹತ್ತು ಮಾರು ಹೋಗಿರಬೇಕು, ಗಂಡಿನ ಸೋದರಮಾವ ಹಿಂದಿನಿಂದ ಬಂದು ಕಾರಿನ ಮುಂದೆ ನಿಂತರು. ನಕ್ಷತ್ರ ನೋಡಿದರು, ನಮ್ಮವರ ಮುಖ ನೋಡಿದರು. ಕೈಯೆತ್ತಿ ಬ್ಯಾಂಡು ನಿಲ್ಲಿಸಿದರು.

"ಈ ಕಾರು ಜಗಳೂರು ಕಡೆ ಬಂದಿತ್ತಲ್ಲ? ಹೆಣ ತಂದಿದ್ದು ಇದೇ ಅಲ್ವಾ?"

ನಮ್ಮವರು ಎಂಜಿನ್ ಆರಿಸಿದರು. "ಹೌದ್ರಿ. ನಾನೇ ತಂದಿದ್ದೆ."

"ನಮ್ಮ ಪಕ್ಕದ ಊರಾಗೇ. ನಾನೇ ಕಣ್ಣಾರೆ ನೋಡೀನಿ. ಇಳಿಯೋ ನೀನು," ಅಂತ ಮದುಮಗನಿಗೆ ಅಂದರು.

ಮನೆ ಮಾಲೀಕರು ಓಡಿ ಬಂದರು. "ನನಗೆ ಗೊತ್ತಿತ್ರೀ. ಅವ್ರು ಮುಚ್ಚಿಟ್ಟಿಲ್ಲ. ಬಸುರಿ ಹೆಂಗ್ಸಿಗೆ ಉಪಕಾರ ಮಾಡಿದ್ದು..."

"ಉಪಕಾರ ಬ್ಯಾರೆ, ಲಗ್ನ ಬ್ಯಾರೆ," ಅಂದರು ಸೋದರಮಾವ. ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ. "ನಿಮ್ಮ ಮಗಳಿಗೇ ಒಳ್ಳೇದಲ್ಲ, ನೋಡ್ರಿ."

ಮಾಲೀಕರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಮದುಮಗ ಒಮ್ಮೆ ನಮ್ಮವರ ಕಡೆ ನೋಡಿ, "ತಪ್ಪು ತಿಳಿಬ್ಯಾಡ್ರಿ," ಅಂತ ಸಣ್ಣಗೆ ಹೇಳಿ ಇಳಿದ. ಬಿಸಿಲಲ್ಲಿ ನಡೆದುಕೊಂಡು ಹೋದ. ಬ್ಯಾಂಡಿನವರು ಅವನ ಹಿಂದೆ ಹೋದರು. ಹೆಂಗಸರು ಆರತಿ ತಟ್ಟೆಗೆ ಸೆರಗು ಅಡ್ಡ ಹಿಡಿದು ಕಾರನ್ನು ಬಳಸಿಕೊಂಡು ಹೋದರು. ನಮ್ಮವರು ಸ್ಟೇರಿಂಗ್ ಮೇಲೆ ಎರಡೂ ಕೈಯಿಟ್ಟು ಮುಂದೆ ನೋಡುತ್ತ ಕೂತೇ ಇದ್ದರು, ಇನ್ನೂ ಓಡಿಸುತ್ತಿದ್ದಾರೇನೋ ಎಂಬಂತೆ.

ನಾನು ಕೈಯಲ್ಲಿದ್ದ ತಟ್ಟೆಯನ್ನು ಪಕ್ಕದವರಿಗೆ ಕೊಟ್ಟು ಹೋಗಿ ಹಿಂದಿನ ಸೀಟಿನಲ್ಲಿ ಕೂತೆ.

"ಎಲ್ಲಿಗೆ?" ಅಂದರು, ಹಿಂದೆ ತಿರುಗದೆ.

"ಹೊನ್ನಾಳಿಗೆ. ನಮ್ಮಮ್ಮನ ಮನೆಗೆ."

ಅವರು ಗುಂಡಿ ಎಳೆದು ತಂತಿ ಕಾಯಿಸಿದರು. ಹೊನ್ನಾಳಿ ಸೇರಿದಾಗ ಅಮ್ಮ ಹೊರಗೆ ಬಂದು ಹೂವಿನ ಕಾರು, ರೇಷ್ಮೆ ಸೀರೆ ಉಟ್ಟ ಮಗಳು, ಮುಂದೆ ಮುಖ ಊದಿಸಿಕೊಂಡ ಅಳಿಯ, ಮೂರನ್ನೂ ನೋಡಿ, "ಏನೇ ಇದು, ಈ ವಯಸ್ಸಿನಾಗೆ ಮತ್ತೆ ಮದುವಿ ಆಗಿ ಬಂದ್ರೇನು?" ಅಂದಳು. ನನಗೆ ನಗು ಬಂತು. ನಗುತ್ತ ನಗುತ್ತ ಅಳು ಬಂತು. ಅಮ್ಮ ಅನ್ನಕ್ಕಿಟ್ಟಳು. ನಮ್ಮವರು ಉಂಡು, ಹಿತ್ತಲ ಮಂಚದ ಮೇಲೆ ಮಲಗಿ ಸಂಜೆಯವರೆಗೆ ಏಳಲಿಲ್ಲ. ಅಷ್ಟು ಹೊತ್ತು ಹಗಲು ನಿದ್ದೆ ಮಾಡಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಮಾಲೀಕರು ಮಾರನೆಯ ದಿನ ಹೋಳಿಗೆ ತಂದುಕೊಟ್ಟು ಕೈಮುಗಿದರು. ಅವರದೇನೂ ತಪ್ಪಿರಲಿಲ್ಲ. ಆದರೆ ಆ ಮೇಲೆ ನ್ಯಾಮತಿಗೂ ಕಥೆ ಗೊತ್ತಾಯಿತು. ಕಾರಿನ ಚರಿತ್ರೆ ಹೇಳುವುದನ್ನು ನಮ್ಮವರು ಅಲ್ಲಿಗೆ ಬಿಟ್ಟರು.

ಇನ್ನು ಉಳಿದದ್ದು ರೋಗಿಗಳು ಮಾತ್ರ. ಮೂರ್ನಾಲ್ಕು ವರ್ಷ ಸುತ್ತಿನ ಹಳ್ಳಿಗಳಿಂದ ಶಿವಮೊಗ್ಗಕ್ಕೆ, ದಾವಣಗೆರೆಗೆ ಓಡಿಸಿದರು. ಕೆಲವರು ಉಳಿದರು, ಕೆಲವರು ಉಳಿಯಲಿಲ್ಲ. ಕಾರು ಹಣ್ಣಾಗುತ್ತ ಬಂತು. ಇಲ್ಲದ ಬಿಡಿ ಸಾಮಾನಿನ ಜಾಗಕ್ಕೆ ಲಾರಿಯದು, ವ್ಯಾನಿನದು ಜೋಡಿಸಿ ಜೋಡಿಸಿ ಮೆಕ್ಯಾನಿಕ್ ಕೈಚೆಲ್ಲಿದ. ನಮ್ಮವರ ಬೆನ್ನೂ ಹಾಗೇ ಆಗಿತ್ತು. ಬೆಳಿಗ್ಗೆ ಎದ್ದು ಗೋಡೆ ಹಿಡಿದು ನೆಟ್ಟಗಾಗಬೇಕು. ಅತ್ತೆ ಅಷ್ಟರಲ್ಲಿ ತೀರಿಕೊಂಡಿದ್ದರು. ಅವರನ್ನೂ ಕೊನೆಯ ಸಲ ಆಸ್ಪತ್ರೆಯಿಂದ ತಂದದ್ದು ಅದೇ ಕಾರು.

ಒಂದು ದಿನ ಮುಂಬಯಿಯಿಂದ ಹಳೆಯ ಕಾರು ಕೊಳ್ಳುವವನೊಬ್ಬ ಹುಡುಕಿಕೊಂಡು ಬಂದ. ಬಗ್ಗಿ, ಬಡಿದು, ಬಾಗಿಲು ತೆಗೆದು ಮುಚ್ಚಿ ನೋಡಿದ. ಈ ಕಂಪನಿಯ ಇಷ್ಟು ಹಳೆಯ ಕಾರಿಗೆ ಈಗ ದೊಡ್ಡ ಊರುಗಳಲ್ಲಿ ಬಹಳ ಬೇಡಿಕೆ, ಸಿನಿಮಾದವರು ಕೇಳುತ್ತಾರೆ, ಶ್ರೀಮಂತರು ಮನೆ ಮುಂದೆ ನಿಲ್ಲಿಸಿಕೊಳ್ಳುತ್ತಾರೆ ಅಂತ ಹಿಂದಿಯಲ್ಲಿ ಹೇಳಿದ. ಸಾವಿನ ಕಾರು ಎಂಬ ಮಾತು ಮುಂಬಯಿಗೆ ಹೋಗಿರಲಿಲ್ಲ. ನಮ್ಮವರು ನನ್ನ ಕಡೆ ನೋಡಿದರು. ನಾನು, "ನಿಮಗೆ ಹೆಂಗೆ ತೋಚುತ್ತೋ ಹಂಗೆ ಮಾಡ್ರಿ. ನನಗಂತೂ ಸಾಕಾಗೈತೆ," ಅಂದೆ. "ನನಗೂ," ಅಂದರು. ಇಷ್ಟು ಸಲೀಸಾಗಿ ಅವರ ಬಾಯಿಂದ ಆ ಮಾತು ಬರುತ್ತದೆಂದು ನಾನು ಅಂದುಕೊಂಡಿರಲಿಲ್ಲ. ಲಾರಿಗೆ ಏರಿಸುವಾಗ ತಾವೇ ಹಲಗೆಯ ಮೇಲೆ ಹತ್ತಿಸಿ, ಹಗ್ಗ ಬಿಗಿಯಾಗಿದೆಯೇ ನೋಡಿ, ಕೈ ಒರೆಸಿಕೊಂಡು ಒಳಗೆ ಬಂದರು.

ಆಮೇಲೆ ಅವರಿಗೆ ಒಂದು ಸೊಸೈಟಿಯ ಜೀಪು ಓಡಿಸುವ ಕೆಲಸ ಸಿಕ್ಕಿತು. ಹತ್ತು ಗಂಟೆಗೆ ಹೋಗಿ ಐದೂವರೆಗೆ ಬರುವ ಕೆಲಸ. ನಾನು ಸಂಜೆಹೊತ್ತು ಬಕೆಟ್ಟು ಹಿಡಿಯದೆ ಕೂರುವುದನ್ನು ಕಲಿತೆ. ಆದರೆ ಬಾಗಿಲು ಬಡಿಯುವವರು ಬರುತ್ತಲೇ ಇದ್ದರು. ಕಾರು ಮಾರಿದ್ದು ಎಲ್ಲ ಹಳ್ಳಿಗೂ ಗೊತ್ತಾಗಿರಲಿಲ್ಲ. ಅಂಗಳ ಖಾಲಿ ಇರುವುದನ್ನು ನೋಡಿ, ಬೇರೆಲ್ಲೋ ಹೋಗಿರಬೇಕು ಅಂತ ಕಾಯುತ್ತ ಕೂರುತ್ತಿದ್ದರು.

ಆ ಮಳೆಗಾಲದ ಒಂದು ಬೆಳಿಗ್ಗೆ ನಾನು ಶಾಲೆಗೆ ಜಡೆ ಹಾಕಿಕೊಳ್ಳುತ್ತಿದ್ದೆ. ನಡುವಯಸ್ಸಿನ ಒಬ್ಬ ಸೈಕಲ್ ತುಳಿದುಕೊಂಡು ಬಂದು, ಏದುಸಿರು ಬಿಡುತ್ತ ಹೊಸ್ತಿಲ ಹೊರಗೆ ನಿಂತ.

"ಜರ್ಮನಿ ಕಾರಿನೋರ ಮನಿ ಇದೇ ಅಲ್ವೇನ್ರಿ? ಸೊಸಿಗೆ ಹೆರಿಗಿ ಆಗ್ತಿಲ್ಲ."

"ಕಾರು ಇಲ್ಲಪ್ಪ, ಕೊಟ್ಟುಬಿಟ್ವಿ," ಅಂದೆ.

ಅವನಿಗೆ ಅರ್ಥವಾಗಲಿಲ್ಲ. ಅಂಗಳದ ಕಡೆ ನೋಡಿದ, ನನ್ನ ಕಡೆ ನೋಡಿದ. ಒಳಗೆ ರೊಟ್ಟಿ ತಿನ್ನುತ್ತಿದ್ದ ನಮ್ಮವರು ತಟ್ಟೆಯಲ್ಲೇ ಕೈತೊಳೆದು, ಗೋಡೆ ಹಿಡಿದು ಎದ್ದು, ಚಪ್ಪಲಿ ಮೆಟ್ಟಿಕೊಂಡರು. "ಮಂಡಿ ಹತ್ರ ಒಂದು ವ್ಯಾನ್ ಐತೆ. ಅವ್ನು ನನ್ನ ಮಾತು ಕೇಳ್ತಾನೆ. ನಡಿ," ಅಂದರು. ಇಬ್ಬರೂ ಸೈಕಲ್ ತಳ್ಳಿಕೊಂಡು ಬೇಗಬೇಗ ರಸ್ತೆಗೆ ಇಳಿದರು. ನಾನು ಅವರ ತಟ್ಟೆ ಎತ್ತಿಟ್ಟು, ಸೊಸೈಟಿ ಆಫೀಸಿಗೆ ಇವರು ತಡವಾಗಿ ಬರುತ್ತಾರೆಂದು ಹೇಳಿ, ಶಾಲೆಗೆ ಹೋದೆ.